1940ರ ನೆಲಗಡಲೆ ಇಂದಿಗೂ ನಮ್ಮ ಗದ್ದೆಯಲ್ಲೇಕೆ?

ಕೋಟ, ಸಾಲಿಗ್ರಾಮ, ಕುಂದಾಪುರದ ಸುತ್ತಿನ ಮರಳು ಮಿಶ್ರಿತ ಗದ್ದೆಗಳಲ್ಲಿ ಮಳೆಗಾಲದ ಭತ್ತವನ್ನು, ಅದನ್ನು ಕಾರ್ತಿ ಎನ್ನಿ, ಏಣಿಲು ಎನ್ನಿ, ಕೊಯ್ದು ಹುಲ್ಲು ಸಾಗಿಸಿದ ಮೇಲೆ ನೆಲದಲ್ಲಿ ಪಸೆ ಆರುವ ಮೊದಲೇ ಉತ್ತು ನೆಲಗಡಲೆ ಬಿತ್ತುವ ರೂಢಿ ಬಹಳ ಹಿಂದಿನದು. ಡಿಸೆಂಬರ್ ಬಂತೆಂದರೆ ಬಿತ್ತನೆ ಬೀಜದ ಹುಡುಕಾಟ ಶುರುವಾಗುತ್ತದೆ. ನಮ್ಮ ಮನೆಗೆ ಬರುವ ಬೀಜದ ಚೀಲವನ್ನು ಬಿಚ್ಚುವಾಗ ನಾನು ಬಾಲ್ಯದಿಂದಲೂ ಕೇಳುತ್ತ ಬಂದ ಹೆಸರು ಟಿಎಂವಿ-2. ಕೃಷಿ ಓದುವ ತನಕ ಅದು ಯಾವುದೋ ಹೊಸ ಸರಕಾರಿ ತಳಿ ಇರಬೇಕೆಂದೇ ನಾನು ತಿಳಿದಿದ್ದೆ. ಅದು ತಮಿಳುನಾಡಿನ ತಿಂಡಿವನದ ಸಂಶೋಧನಾ ಕೇಂದ್ರದಿಂದ 1940ರಲ್ಲಿ ಬಿಡುಗಡೆಯಾದ ತಳಿ. ಅದಾದ ಮೇಲೆ ದೇಶದಲ್ಲಿ ನೆಲಗಡಲೆಯ ನೂರಾರು ತಳಿಗಳು ಬಂದಿವೆ. ಅವುಗಳಲ್ಲಿ ಹಲವು ಹೆಚ್ಚು ಇಳುವರಿ ಕೊಡುತ್ತವೆ, ಕೆಲವು ರೋಗಗಳನ್ನು ಚೆನ್ನಾಗಿ ತಡೆಯುತ್ತವೆ. ಹಾಗಿದ್ದರೂ ಎಂಟು ದಶಕ ದಾಟಿದ ತಳಿಯೊಂದು ಗದ್ದೆಯಲ್ಲಿ ಉಳಿದಿರುವುದಕ್ಕೆ ರೈತರ ಅಜ್ಞಾನವೇ ಕಾರಣ ಎಂದು ಹೇಳಿಬಿಡುವುದು ಸುಲಭವಾದರೂ, ನಿಜವಾದ ಕಾರಣ ನೆಲಗಡಲೆಯ ತಳಿ ಅಭಿವೃದ್ಧಿ ನಡೆಯುವ ಬಗೆಯಲ್ಲಿ ಮತ್ತು ಆ ತಳಿಯ ಬೀಜ ಗದ್ದೆಗೆ ಬಂದು ಸೇರುವ ದಾರಿಯಲ್ಲಿ ಇದೆ.

ಟಿಎಂವಿ-2 ಹುಟ್ಟಿದ್ದು ಎರಡು ತಳಿಗಳನ್ನು ಬೆರೆಸುವ ಸಂಕರಣದಿಂದಲ್ಲ. ಗುಡಿಯಾತ್ತಂ ಬಂಚ್ ಎಂಬ ಸ್ಥಳೀಯ ತಳಿಯ ಗಿಡಗಳ ನಡುವಿನಿಂದ ಒಳ್ಳೆಯ ಗಿಡಗಳನ್ನು ಆರಿಸಿ, ಅವುಗಳ ಬೀಜವನ್ನು ಒಟ್ಟುಗೂಡಿಸಿ, ಮತ್ತೆ ಬಿತ್ತಿ, ಮತ್ತೆ ಆರಿಸಿ ಅದನ್ನು ರೂಪಿಸಲಾಯಿತು. ಸಾಮೂಹಿಕ ಆಯ್ಕೆ ಎಂದು ಕರೆಯುವ ಈ ವಿಧಾನ ನಮ್ಮ ಹಿರಿಯರು ಕಣದಲ್ಲಿ ಗಟ್ಟಿ ತೆನೆಗಳನ್ನು ಬೀಜಕ್ಕೆಂದು ಬೇರೆ ಇಡುತ್ತಿದ್ದ ಕೆಲಸದ್ದೇ ಶಿಸ್ತುಬದ್ಧ ರೂಪ. ಇದರ ಮಿತಿಯೂ ಸ್ಪಷ್ಟ: ಆರಿಸುವುದಕ್ಕೆ ಎದುರಿಗಿರುವ ರಾಶಿಯಲ್ಲಿ ಬೇಕಾದ ಗುಣ ಮೊದಲೇ ಇರಬೇಕು. ಎಲೆಚುಕ್ಕೆ ರೋಗವನ್ನು ತಡೆಯುವ ಗಿಡ ಒಂದೂ ಇಲ್ಲದ ಗದ್ದೆಯಲ್ಲಿ ಎಷ್ಟು ವರ್ಷ ಆರಿಸಿದರೂ ರೋಗನಿರೋಧಕ ತಳಿ ಸಿಗುವುದಿಲ್ಲ.

ಆ ರಾಶಿಯೇ ನೆಲಗಡಲೆಯಲ್ಲಿ ಬಹಳ ಕಿರಿದು. ಇಂದು ನಾವು ಬೆಳೆಯುವ ನೆಲಗಡಲೆ ದಕ್ಷಿಣ ಅಮೆರಿಕದಲ್ಲಿ, ಇಂದಿನ ಬೊಲಿವಿಯಾದ ದಕ್ಷಿಣ ಭಾಗ ಮತ್ತು ಅರ್ಜೆಂಟೀನಾದ ವಾಯವ್ಯ ಭಾಗದ ಆಸುಪಾಸಿನಲ್ಲಿ, ಅರಾಕಿಸ್ ಡ್ಯುರಾನೆನ್ಸಿಸ್ ಮತ್ತು ಅರಾಕಿಸ್ ಇಪಾಯೆನ್ಸಿಸ್ ಎಂಬ ಎರಡು ಕಾಡು ಪ್ರಭೇದಗಳು ಸಂಕರಗೊಂಡು ಹುಟ್ಟಿದ್ದು. ಕಾಡಿನ ಆ ಎರಡರಲ್ಲೂ ವಂಶವಾಹಿಗಳನ್ನು ಹೊತ್ತ ವರ್ಣತಂತುಗಳು ತಲಾ 20 ಇದ್ದರೆ, ಸಂಕರದಲ್ಲಿ ವರ್ಣತಂತುಗಳು ದುಪ್ಪಟ್ಟಾಗಿ ಸಂಖ್ಯೆ 40ಕ್ಕೆ ಏರಿತು. ಈ ಘಟನೆ ಬಹುಶಃ ಒಂದೇ ಬಾರಿ, ಹೆಚ್ಚೆಂದರೆ ಹತ್ತು ಸಾವಿರ ವರ್ಷಗಳ ಹಿಂದೆ ನಡೆದಿರಬೇಕೆಂದು ವಂಶವಾಹಿಗಳ ಅಧ್ಯಯನ ಹೇಳುತ್ತದೆ. ಹೀಗೆ 40 ವರ್ಣತಂತುಗಳನ್ನು ಪಡೆದ ಹೊಸ ಗಿಡ 20 ವರ್ಣತಂತುಗಳ ತನ್ನ ಕಾಡು ಬಂಧುಗಳೊಂದಿಗೆ ಮುಂದೆ ಸಹಜವಾಗಿ ಬೆರೆಯಲಾರದೆ ಹೋಯಿತು. ಜೊತೆಗೆ ನೆಲಗಡಲೆಯ ಹೂ ಬೆಳಕು ಹರಿಯುವಾಗ ಅರಳುವ ಹೊತ್ತಿಗೇ ಒಳಗಿನ ದೋಣಿಯಾಕಾರದ ದಳದ ಮರೆಯಲ್ಲಿ ತನ್ನದೇ ಪರಾಗದಿಂದ ಪರಾಗಸ್ಪರ್ಶಗೊಂಡಿರುತ್ತದೆ. ಜೇನ್ನೊಣಕ್ಕೆ ಅಲ್ಲಿ ಕೆಲಸ ಕಡಿಮೆ. ಒಂದೇ ಮೂಲ, ಮುಚ್ಚಿದ ಹೂ, ಬಂಧುಗಳೊಂದಿಗೆ ಸಂಪರ್ಕವಿಲ್ಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿ 1972ರಲ್ಲಿ ಆರಂಭವಾದ ಇಕ್ರಿಸ್ಯಾಟ್ ಎಂಬ ಅಂತಾರಾಷ್ಟ್ರೀಯ ಕೃಷಿ ಸಂಶೋಧನಾ ಸಂಸ್ಥೆಯ ಬೀಜಭಂಡಾರದಲ್ಲಿ ನೆಲಗಡಲೆಯ ಸುಮಾರು 15,000 ಮಾದರಿಗಳಿವೆ. ಕಾಯಿಯ ಆಕಾರ, ಕಾಳಿನ ಬಣ್ಣ, ಗಿಡದ ಹರವು ಇವುಗಳಲ್ಲಿ ಅವು ಎಷ್ಟೇ ಬೇರೆಬೇರೆಯಾಗಿ ಕಂಡರೂ ಒಳಗಿನ ವಂಶವಾಹಿಗಳ ವೈವಿಧ್ಯ ಅಷ್ಟೇನೂ ಹೆಚ್ಚಿಲ್ಲ.

ರೋಗದ ವಿಷಯಕ್ಕೆ ಬಂದಾಗ ಈ ಕೊರತೆ ಎದ್ದು ಕಾಣುತ್ತದೆ. ನೆಲಗಡಲೆಯ ಎಲೆಯನ್ನು ಕಾಡುವ ಮುಖ್ಯ ಶಿಲೀಂಧ್ರ ರೋಗಗಳು ಮೂರು: ಮೊದಲು ಬರುವ ಎಲೆಚುಕ್ಕೆ, ತಡವಾಗಿ ಬರುವ ಎಲೆಚುಕ್ಕೆ, ತುಕ್ಕು. ಎಲೆಚುಕ್ಕೆ ಎರಡನ್ನೂ ಸೇರಿಸಿ ಟಿಕ್ಕಾ ಎಂದೇ ಕರೆಯುವುದು ವಾಡಿಕೆ. ಇವುಗಳನ್ನು ಬೇರೆ ಮಾಡಿ ಗುರುತಿಸಲು ಎಲೆಯನ್ನು ಮಗುಚಿ ನೋಡಬೇಕು. ಮೇಲ್ಮೈಯಲ್ಲಿ ಕಂದು ಚುಕ್ಕೆ, ಅದರ ಸುತ್ತ ಹಳದಿ ಉಂಗುರ ಇದ್ದರೆ ಸಾಮಾನ್ಯವಾಗಿ ಅದು ಮೊದಲ ಎಲೆಚುಕ್ಕೆ. ಕೆಳಮೈಯಲ್ಲಿ ಇದ್ದಿಲಿನಂಥ ಕಪ್ಪು, ಒರಟಾದ ಚುಕ್ಕೆ ಇದ್ದರೆ ತಡವಾಗಿ ಬರುವ ಎಲೆಚುಕ್ಕೆ. ಕೆಳಮೈಯಲ್ಲಿ ಕಿತ್ತಳೆ ಬಣ್ಣದ ಸಣ್ಣ ಗುಳ್ಳೆಗಳಿದ್ದು, ಬೆರಳಿನಿಂದ ಒರೆಸಿದಾಗ ಇಟ್ಟಿಗೆಪುಡಿಯಂತೆ ಅಂಟಿಕೊಂಡರೆ ಅದು ತುಕ್ಕು. ಇನ್ನೊಂದು ವ್ಯತ್ಯಾಸ ದೂರದಿಂದಲೇ ಗೊತ್ತಾಗುತ್ತದೆ: ಟಿಕ್ಕಾ ಬಂದ ಎಲೆ ಉದುರಿ ಗಿಡ ಬೋಳಾಗುತ್ತದೆ, ತುಕ್ಕು ಬಂದ ಎಲೆ ಸುಟ್ಟಂತೆ ಒಣಗಿ ಗಿಡದಲ್ಲೇ ನೇತಾಡುತ್ತದೆ. ಪರಿಣಾಮ ಮಾತ್ರ ಒಂದೇ. ಕಾಯಿ ತುಂಬಬೇಕಾದ ಕೊನೆಯ ತಿಂಗಳಲ್ಲಿ ಆಹಾರ ತಯಾರಿಸುವ ಎಲೆ ಇಲ್ಲದಂತಾಗುತ್ತದೆ. ಎರಡೂ ಒಟ್ಟಿಗೆ ಜೋರಾಗಿ ಬಂದರೆ ಅರ್ಧಕ್ಕಿಂತ ಹೆಚ್ಚು ಇಳುವರಿ ಹೋಗುವುದುಂಟು, ಹಸುಗಳಿಗೆ ಹಾಕುವ ಒಳ್ಳೆಯ ಬಳ್ಳಿಯೂ ಹಾಳಾಗುತ್ತದೆ.

ಬೆಳೆಯುವ ನೆಲಗಡಲೆಯಲ್ಲೇ ಈ ರೋಗಗಳನ್ನು ತಡೆಯುವ ಮಾದರಿಗಳು ಸಿಗಲಿಲ್ಲವೆಂದಲ್ಲ. ಪೆರು ದೇಶದ ಕೆಲವು ಸ್ಥಳೀಯ ಮಾದರಿಗಳಲ್ಲಿ ಒಳ್ಳೆಯ ನಿರೋಧಕ ಶಕ್ತಿ ಇತ್ತು. ಆದರೆ ಅವುಗಳ ಸಿಪ್ಪೆ ದಪ್ಪ, ಕಾಯಿಯ ಮೇಲೆ ಆಳವಾದ ಗೆರೆಗಳು, ಸುಲಿದರೆ ಸಿಗುವ ಕಾಳು ಕಡಿಮೆ. ನೂರು ಕಿಲೋ ಕಾಯಿಗೆ 70ರಿಂದ 75 ಕಿಲೋ ಕಾಳು ಸಿಗುವ ತಳಿಗೆ ಒಗ್ಗಿದ ರೈತ ಅಂಥದ್ದನ್ನು ಒಪ್ಪುವುದಿಲ್ಲ, ವ್ಯಾಪಾರಿಯಂತೂ ಮುಟ್ಟುವುದಿಲ್ಲ. ಹಾಗಾಗಿ ತಳಿ ವಿಜ್ಞಾನಿಗಳು ಕಾಡಿನ ಕಡೆ ಹೊರಳಿದರು.

ಅಲ್ಲಿ ಸಿಕ್ಕಿದ್ದು ಅರಾಕಿಸ್ ಕಾರ್ಡೆನಾಸಿ. ಬೊಲಿವಿಯಾದಲ್ಲಿ ಸಂಗ್ರಹಿಸಿದ ಈ ಕಾಡು ಗಿಡ ತಡವಾಗಿ ಬರುವ ಎಲೆಚುಕ್ಕೆಗೂ ತುಕ್ಕಿಗೂ ಬಗ್ಗುವುದಿಲ್ಲ. ತೊಡಕು ಇದ್ದದ್ದು ವರ್ಣತಂತುಗಳ ಲೆಕ್ಕದಲ್ಲಿ. ಹತ್ತು ಹತ್ತು ವರ್ಣತಂತುಗಳ ನಾಲ್ಕು ಜೋಡಣೆಯ ನೆಲಗಡಲೆಯನ್ನು ಎರಡು ಜೋಡಣೆಯ ಕಾಡು ಗಿಡದೊಂದಿಗೆ ಸಂಕರಿಸಿದರೆ ಹುಟ್ಟುವ ಸಸಿಗೆ ಮೂರು ಜೋಡಣೆ, ಅಂದರೆ 30 ವರ್ಣತಂತುಗಳು. ಜೋಡಿ ಕೂಡಲಾಗದ ವರ್ಣತಂತುಗಳಿಂದ ಸರಿಯಾದ ಪರಾಗವಾಗಲಿ ಅಂಡಾಣುವಾಗಲಿ ರೂಪುಗೊಳ್ಳುವುದಿಲ್ಲ. ಕುದುರೆ ಮತ್ತು ಕತ್ತೆಗೆ ಹುಟ್ಟಿದ ಹೇಸರಗತ್ತೆಯಂತೆ ಗಿಡ ಬಂಜೆ. ಈ ಬಂಜೆ ಸಸಿಯ ಕುಡಿಗೆ ಕಾಲ್ಚಿಸೀನ್ ಎಂಬ ರಾಸಾಯನಿಕವನ್ನು ಹಚ್ಚಿ ವರ್ಣತಂತುಗಳನ್ನು ದುಪ್ಪಟ್ಟು ಮಾಡಿದರೆ ಸಂಖ್ಯೆ 60ಕ್ಕೆ ಏರಿ, ಪ್ರತಿಯೊಂದಕ್ಕೂ ಜೊತೆ ಸಿಕ್ಕಿ, ಗಿಡ ಫಲವಂತವಾಗುತ್ತದೆ. ಅದರ ಸಂತತಿಯನ್ನು ತಲೆಮಾರುಗಟ್ಟಲೆ ಬೆಳೆಸುತ್ತ, ಬೇಕಾದಾಗ ಮತ್ತೆ ನೆಲಗಡಲೆಯೊಂದಿಗೆ ಸಂಕರಿಸುತ್ತ ಹೋದಂತೆ ಹೆಚ್ಚುವರಿ ವರ್ಣತಂತುಗಳು ಕಳಚಿಕೊಂಡು ಸಂಖ್ಯೆ ಮತ್ತೆ 40ಕ್ಕೆ ಇಳಿಯುತ್ತದೆ. ಕಾಡಿನ ಗಿಡದ ಒಂದೆರಡು ತುಣುಕುಗಳು ಮಾತ್ರ ನೆಲಗಡಲೆಯ ವರ್ಣತಂತುವಿನೊಳಗೆ ಕುಳಿತುಬಿಡುತ್ತವೆ. 1960ರ ದಶಕದಲ್ಲಿ ಅಮೆರಿಕದ ಉತ್ತರ ಕ್ಯಾರೊಲಿನಾದಲ್ಲಿ ಆರಂಭವಾದ ಈ ಕೆಲಸದ ಫಲ ಮುಂದೆ ಬೀಜ ವಿನಿಮಯದ ಮೂಲಕ ಇಕ್ರಿಸ್ಯಾಟ್‌ಗೂ ಅಲ್ಲಿಂದ ಹಲವು ದೇಶಗಳಿಗೂ ಹರಡಿತು. ಆ ಒಂದೇ ಕಾಡು ಮಾದರಿಯ ತುಣುಕುಗಳು ಜಗತ್ತಿನ ಸುಮಾರು 250 ತಳಿ ಮತ್ತು ಸಂಶೋಧನಾ ಸಾಲುಗಳಲ್ಲಿ (ತಳಿ ರೂಪಿಸಲು ಬೆಳೆಸುವ ಪ್ರಯೋಗದ ವಂಶಗಳಲ್ಲಿ) ಇರುವುದನ್ನು 2021ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ದೇಶದೇಶಗಳು ಬೀಜದ ಮಾದರಿಗಳನ್ನು ಬಿಗಿಹಿಡಿದುಕೊಳ್ಳುವ ಈ ಕಾಲದಲ್ಲಿ ಅಂಥ ಕೆಲಸ ಮತ್ತೆ ನಡೆದೀತೇ ಎಂಬ ಅನುಮಾನ ನನಗಿದೆ.

ಹಾಗೆ ಬಂದ ಇಕ್ರಿಸ್ಯಾಟ್‌ನ ಸಾಲುಗಳಲ್ಲಿ ಒಂದು ಐಸಿಜಿವಿ 86855. ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ಅದನ್ನು ಬೇಗ ಬಲಿಯುವ ಕೆಆರ್‌ಜಿ-1 ತಳಿಯೊಂದಿಗೆ ಸಂಕರಿಸಿ ಜಿಪಿಬಿಡಿ-4 ಎಂಬ ತಳಿಯನ್ನು ರೂಪಿಸಿ 2004ರಲ್ಲಿ ಬಿಡುಗಡೆ ಮಾಡಿದರು. ಹರಡದೆ ನೆಟ್ಟಗೆ ಬೆಳೆಯುವ ಸ್ಪ್ಯಾನಿಷ್ ಬಂಚ್ ಮಾದರಿಯ ಗಿಡ, ತುಕ್ಕು ಮತ್ತು ತಡವಾದ ಎಲೆಚುಕ್ಕೆ ಎರಡನ್ನೂ ತಡೆಯುವ ಶಕ್ತಿ, ಜೊತೆಗೆ ಒಳ್ಳೆಯ ಇಳುವರಿ ಮತ್ತು ಎಣ್ಣೆಯಂಶ. ಇವೆಲ್ಲ ಒಂದೇ ಗಿಡದಲ್ಲಿ ಸೇರಿದ್ದು ದೊಡ್ಡ ಸಾಧನೆ ಎಂದು ಹೊರಗಿನವರಿಗೆ ತೋರಲಿಕ್ಕಿಲ್ಲ. ಕಾಡು ಗಿಡದಿಂದ ತಂದ ವರ್ಣತಂತುವಿನ ತುಣುಕು ಎಂದೂ ಒಂಟಿಯಾಗಿ ಬರುವುದಿಲ್ಲ; ರೋಗನಿರೋಧಕ ಜೀನ್‌ನ, ಅಂದರೆ ವಂಶವಾಹಿಯ, ಅಕ್ಕಪಕ್ಕದಲ್ಲಿ ದಪ್ಪ ಸಿಪ್ಪೆ, ತಡವಾಗಿ ಬಲಿಯುವಿಕೆ, ಸಣ್ಣ ಕಾಳು ಇವುಗಳಿಗೆ ಕಾರಣವಾಗುವ ಜೀನ್‌ಗಳೂ ಅಂಟಿಕೊಂಡಿರುತ್ತವೆ. ಮೀನಿನ ಬಲೆಯಲ್ಲಿ ಬೇಕಾದ ಬಂಗುಡೆಯೊಂದಿಗೆ ಕಸವೂ ಬರುವಂತೆ. ಅದನ್ನು ಬಿಡಿಸಬೇಕಾದರೆ ಆ ಎರಡು ಜೀನ್‌ಗಳ ನಡುವೆಯೇ ವರ್ಣತಂತು ತುಂಡಾಗಿ ಮರುಜೋಡಣೆಯಾದ ಅಪರೂಪದ ಗಿಡವೊಂದನ್ನು ಸಾವಿರಾರು ಗಿಡಗಳ ನಡುವೆ ಹುಡುಕಬೇಕು. ಹಾಗಾಗಿ ತಳಿ ಅಭಿವೃದ್ಧಿ ಎಂಬುದು ಗುಣಗಳನ್ನು ಕೂಡಿಸುವ ಕೆಲಸವೆಂದು ಹೇಳಿದರೂ ವಿಜ್ಞಾನಿಯ ದಿನದ ಹೆಚ್ಚಿನ ಪಾಲು ಹೋಗುವುದು ಬಿಡಿಸುವುದರಲ್ಲಿ ಮತ್ತು ಬಿಸಾಡುವುದರಲ್ಲಿ.

ಸಂಕರಣದ ಕೆಲಸವನ್ನು ಹತ್ತಿರದಿಂದ ನೋಡಿದವರಿಗೆ ಅದರ ನಿಧಾನಗತಿ ಅರ್ಥವಾಗುತ್ತದೆ. ತಾಯಿ ಗಿಡದಲ್ಲಿ ಮರುದಿನ ಬೆಳಗ್ಗೆ ಅರಳಲಿರುವ ಮೊಗ್ಗನ್ನು ಹಿಂದಿನ ಸಂಜೆಯೇ ಗುರುತಿಸಬೇಕು. ಎಡಗೈಯ ಎರಡು ಬೆರಳುಗಳ ನಡುವೆ ಮೊಗ್ಗನ್ನು ಹಿಡಿದು, ಚಿಮುಟದ ತುದಿಯಿಂದ ದಳಗಳನ್ನು ಬಿಡಿಸಿ, ದೋಣಿದಳವನ್ನು ಹಿಂದಕ್ಕೆ ಸರಿಸಿ, ಒಳಗಿನ ಪರಾಗಕೋಶಗಳನ್ನು ಒಂದೂ ಬಿಡದೆ ತೆಗೆಯಬೇಕು. ಮೊಗ್ಗಿನ ಕೆಳಗಿನ ಕೂದಲೆಳೆಯಂಥ ಕೊಳವೆ ಒಮ್ಮೆ ಬಾಗಿ ಮುರಿದರೆ ಅಷ್ಟೂ ಶ್ರಮ ವ್ಯರ್ಥ. ಮರುದಿನ ಬಿಸಿಲೇರುವ ಮೊದಲು ತಂದೆ ಗಿಡದ ಹೂವಿನಿಂದ ಪರಾಗವನ್ನು ಹಿಂಡಿ ತೆಗೆದು ತಾಯಿ ಹೂವಿನ ಶಲಾಕಾಗ್ರಕ್ಕೆ, ಅಂದರೆ ಪರಾಗ ಹಿಡಿಯುವ ತುದಿಗೆ, ಸವರಿ, ಗುರುತಿಗೆ ಬಣ್ಣದ ದಾರ ಕಟ್ಟಬೇಕು. ಕೆಲವು ದಿನಗಳಲ್ಲಿ ಹೂವಿನ ಬುಡದಿಂದ ಸೂಜಿಯಂಥ ತೊಟ್ಟು ಹೊರಟು ಮಣ್ಣಿಗೆ ಇಳಿಯುತ್ತದೆ, ಅದರ ತುದಿ ನೆಲದೊಳಗೆ ಕಾಯಿಯಾಗುತ್ತದೆ. ದಾರವೂ ಅದರೊಂದಿಗೆ ಇರುವಂತೆ ನೋಡಿಕೊಳ್ಳಬೇಕು. ಇಲ್ಲವಾದರೆ ಕೀಳುವಾಗ ಯಾವ ಕಾಯಿ ಸಂಕರದ್ದು, ಯಾವುದು ತಾನಾಗಿ ಆದದ್ದು ಎಂಬುದೇ ತಿಳಿಯದು. ಇಷ್ಟೆಲ್ಲ ಮಾಡಿದ ಮೇಲೆ ಒಂದು ಹೂವಿನಿಂದ ದಕ್ಕುವುದು ಒಂದೋ ಎರಡೋ ಕಾಳು.

ಆ ಕಾಳುಗಳಿಂದ ಹುಟ್ಟಿದ ಮೊದಲ ತಲೆಮಾರಿನ ಗಿಡಗಳೆಲ್ಲ ಬಹುಪಾಲು ಒಂದೇ ತೆರನಾಗಿರುತ್ತವೆ. ಎರಡನೆಯ ತಲೆಮಾರಿನಲ್ಲಿ ತಂದೆತಾಯಿಗಳ ಗುಣಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತವೆ. ಒಂದು ಗಿಡ ಹರಡಿಕೊಂಡರೆ ಇನ್ನೊಂದು ನೆಟ್ಟಗೆ, ಒಂದರ ಕಾಳು ಕೆಂಪಾದರೆ ಇನ್ನೊಂದರದು ತಿಳಿಗುಲಾಬಿ. ಇಲ್ಲಿಂದ ಆಯ್ಕೆ ಆರಂಭ. ಆದರೆ ಈ ಹಂತದಲ್ಲಿ ಪ್ರತಿ ಗಿಡದಲ್ಲೂ ಒಡೆಯುವ ಜೀನ್‌ಜೋಡಿಗಳಲ್ಲಿ ಸರಾಸರಿ ಅರ್ಧದಷ್ಟು ಇನ್ನೂ ಬೆರಕೆಯೇ. ಸ್ವಪರಾಗದಿಂದ ಪ್ರತಿ ತಲೆಮಾರಿಗೆ ಈ ಬೆರಕೆ ಅರ್ಧಕ್ಕೆ ಇಳಿಯುತ್ತದೆ: ಎರಡನೆಯದರಲ್ಲಿ ಶೇ. 50 ಇದ್ದದ್ದು ಮೂರರಲ್ಲಿ 25, ನಾಲ್ಕರಲ್ಲಿ 12.5, ಆರನೆಯದಕ್ಕೆ ಬರುವಾಗ ಸುಮಾರು 3. ಬಿತ್ತಿದ ಬೀಜವೆಲ್ಲ ಒಂದೇ ರೀತಿ ಬೆಳೆದು, ಒಂದೇ ಸಮಯಕ್ಕೆ ಬಲಿಯುವ ಸ್ಥಿರತೆ ಬೇಕೆಂದರೆ ಅಲ್ಲಿಯವರೆಗೆ ಕಾಯದೆ ಉಪಾಯವಿಲ್ಲ. ವರ್ಷಕ್ಕೆ ಎರಡು ಬೆಳೆ ತೆಗೆದರೂ ಮೂರು ವರ್ಷ ಬೇಕು. ಈಚೆಗೆ ಬೆಳಕು ಮತ್ತು ಉಷ್ಣತೆಯನ್ನು ನಿಯಂತ್ರಿಸಿದ ಮನೆಗಳಲ್ಲಿ ವರ್ಷಕ್ಕೆ ಇನ್ನೂ ಹೆಚ್ಚು ತಲೆಮಾರುಗಳನ್ನು ಬೆಳೆಸುವ ವ್ಯವಸ್ಥೆ ಬಂದಿದೆ.

ರೋಗಕ್ಕಿಂತ ಇಳುವರಿಯ ಆಯ್ಕೆ ಕಷ್ಟ, ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ತುಕ್ಕನ್ನು ತಡೆಯುವ ಗಿಡ ಗದ್ದೆಯ ಯಾವ ಮೂಲೆಯಲ್ಲಿದ್ದರೂ ತಡೆಯುತ್ತದೆ, ನೋಡಿದರೆ ಗೊತ್ತಾಗುತ್ತದೆ. ಇಳುವರಿ ಹಾಗಲ್ಲ. ನಮ್ಮ ಊರಿನ ಮಜಲು ಗದ್ದೆಯೊಂದನ್ನೇ ತೆಗೆದುಕೊಳ್ಳಿ. ಬದುವಿನ ತೆಂಗಿನ ಮರದ ನೆರಳು ಬೀಳುವ ಕಡೆ ಗಿಡ ಸೊರಗಿರುತ್ತದೆ, ತೋಡಿನ ಬದಿಯಲ್ಲಿ ಪಸೆ ಹೆಚ್ಚಿದ್ದು ಹುಲುಸಾಗಿರುತ್ತದೆ, ಕಳೆದ ವರ್ಷ ಗೊಬ್ಬರದ ರಾಶಿ ಹಾಕಿದ್ದ ಜಾಗದಲ್ಲಿ ಇನ್ನೂ ಚೆನ್ನಾಗಿರುತ್ತದೆ. ಒಂದು ಗಿಡದಲ್ಲಿ ಮೂವತ್ತು ಕಾಯಿ ಸಿಕ್ಕಿದರೆ ಅದು ಗಿಡದ ಗುಣವೋ ಜಾಗದ ಗುಣವೋ ಹೇಳುವುದು ಹೇಗೆ? ಇಳುವರಿಯನ್ನು ನಿರ್ಧರಿಸುವ ಜೀನ್‌ಗಳು ಹಲವು, ಒಂದೊಂದರ ಪಾಲು ಚಿಕ್ಕದು, ನೆಲ ಮತ್ತು ಹವೆಯ ಪ್ರಭಾವ ದೊಡ್ಡದು. ಆದ್ದರಿಂದ ಒಂದೊಂದು ಸಾಲನ್ನೂ ಗದ್ದೆಯ ಬೇರೆ ಬೇರೆ ಕಡೆ ಚೀಟಿ ಎತ್ತಿದಂತೆ ಹಂಚಿ, ಮೂರ್ನಾಲ್ಕು ಸಲ ಬಿತ್ತಿ, ಹೋಲಿಕೆಗೆ ಹಳೆಯ ತಳಿಯನ್ನೂ ನಡುವೆ ಇಟ್ಟು, ಹಲವು ಊರುಗಳಲ್ಲಿ ಹಲವು ವರ್ಷ ತೂಗಿ ನೋಡಿದ ಮೇಲಷ್ಟೇ ಲೆಕ್ಕಕ್ಕೆ ಬೆಲೆ. ಮಣ್ಣಿನ ಸುಣ್ಣದ ಅಂಶವೂ ಇಲ್ಲಿ ಕೈಯಾಡಿಸುತ್ತದೆ. ನೆಲಗಡಲೆಯ ಕಾಯಿ ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ಬೇರಿನ ಮೂಲಕ ಪಡೆಯುವುದು ಕಡಿಮೆ, ಸುತ್ತಲಿನ ಮಣ್ಣಿನಿಂದ ನೇರವಾಗಿ ಹೀರಿಕೊಳ್ಳುವುದೇ ಹೆಚ್ಚು. ಧಾರಾಕಾರ ಮಳೆಗೆ ಕ್ಯಾಲ್ಸಿಯಂ ತೊಳೆದುಹೋದ ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ಜಿಪ್ಸಂ ಹಾಕದೆ ಬೆಳೆದರೆ ಎಂಥ ಒಳ್ಳೆಯ ತಳಿಯೂ ಜೊಳ್ಳು ಕಾಯಿ ಕೊಟ್ಟೀತು. ತಳಿಯನ್ನು ಬೈಯುವ ಮೊದಲು ಇದನ್ನು ಗಮನಿಸುವುದು ಒಳ್ಳೆಯದು.

ಇಳುವರಿ ಹೆಚ್ಚಿಸಲು ಗಿಡವನ್ನು ದೊಡ್ಡದು ಮಾಡಬೇಕಾಗಿಯೇ ಇಲ್ಲ. ನೆಲಗಡಲೆ ಬಿಡುವ ಹೂಗಳಲ್ಲಿ ಬಹುಪಾಲು ಕಾಯಿಯಾಗುವುದಿಲ್ಲ, ತಡವಾಗಿ ಅರಳಿದವು ಕಾಯಿಯಾದರೂ ಕೀಳುವ ಹೊತ್ತಿಗೆ ಬಲಿತಿರುವುದಿಲ್ಲ. ಗಿಡ ತಯಾರಿಸಿದ ಆಹಾರದಲ್ಲಿ ಬಳ್ಳಿಗೆ ಹೋಗುವ ಪಾಲನ್ನು ಕಡಿಮೆ ಮಾಡಿ ಕಾಯಿಗೆ ಹೋಗುವ ಪಾಲನ್ನು ಹೆಚ್ಚಿಸಿದರೆ ಗಿಡ ಗಿಡ್ಡವಾಗಿದ್ದರೂ ಇಳುವರಿ ಏರುತ್ತದೆ. ಮುಂಬಯಿಯ ಭಾಭಾ ಅಣು ಸಂಶೋಧನಾ ಕೇಂದ್ರದವರು ಈ ದಾರಿಯಲ್ಲಿ ನಡೆದರು. ಕ್ಷಕಿರಣಕ್ಕೆ ಬೀಜವನ್ನು ಒಡ್ಡಿ ಜೀನ್‌ಗಳಲ್ಲಿ ಬದಲಾವಣೆ ಉಂಟುಮಾಡಿ, ಹಾಗೆ ಸಿಕ್ಕ ಗಿಡಗಳನ್ನು ಸಂಕರಣದಲ್ಲಿ ಬಳಸಿ ಅವರು ರೂಪಿಸಿದ ಟಿಎಜಿ-24 ಅರೆಗಿಡ್ಡ ತಳಿ. ಅದರ ಕಾಯಿಯ ಪಾಲು ಹೆಚ್ಚು. ಅಣು ಸಂಶೋಧನಾ ಕೇಂದ್ರದ ಹೆಸರು ಕೇಳಿದೊಡನೆ ಕಾಳಿನಲ್ಲಿ ವಿಕಿರಣ ಉಳಿದಿರುತ್ತದೆಯೇ ಎಂದು ಹಿಂಜರಿಯುವವರನ್ನು ನಾನು ಕಂಡಿದ್ದೇನೆ. ಕಿರಣ ತಾಗಿದ್ದು ದಶಕಗಳ ಹಿಂದಿನ ಒಂದು ಬೀಜಕ್ಕೆ, ಅದೂ ಅಲ್ಲೇ ಮುಗಿದ ಕಥೆ. ಅದರ ಸಂತತಿಯಲ್ಲಿ ಉಳಿದಿರುವುದು ಬದಲಾದ ಜೀನ್ ಮಾತ್ರ.

ರೋಗದ ಪರೀಕ್ಷೆಗೆ ಬೇರೆ ಬಗೆಯ ಗದ್ದೆ ಬೇಕು. ಅಲ್ಲಿ ರೋಗ ಬರಲೆಂದೇ ಬೆಳೆ ಬೆಳೆಯುತ್ತಾರೆ. ಕೆಲವು ಸಾಲುಗಳಿಗೊಮ್ಮೆ ಸುಲಭವಾಗಿ ರೋಗಕ್ಕೆ ತುತ್ತಾಗುವ ತಳಿಯೊಂದನ್ನು ಬಿತ್ತಿ, ಅದರ ಮೇಲೆ ಶಿಲೀಂಧ್ರದ ಬೀಜಾಣುಗಳನ್ನು ಸಿಂಪಡಿಸಿ, ಸಂಜೆಯ ವೇಳೆ ನೀರು ಚಿಮುಕಿಸಿ ಎಲೆ ರಾತ್ರಿಯಿಡೀ ತೇವವಾಗಿರುವಂತೆ ಮಾಡುತ್ತಾರೆ. ಈ ರೋಗ ಹಂಚುವ ಸಾಲಿಗೆ ಬಹಳ ಕಡೆ ಆಯ್ದುಕೊಳ್ಳುವುದು ನಮ್ಮ ಟಿಎಂವಿ-2 ಅನ್ನೇ, ನಿರೋಧಕತೆಯ ಅಳತೆಗೋಲಾಗಿ ಇಡುವುದು ಜಿಪಿಬಿಡಿ-4 ಅನ್ನು. ಪ್ರತಿ ಸಾಲಿಗೂ 1ರಿಂದ 9ರವರೆಗೆ ಅಂಕ ಕೊಡುತ್ತಾರೆ. 1 ಎಂದರೆ ರೋಗವೇ ಇಲ್ಲ, 9 ಎಂದರೆ ಎಲೆಗಳ ಶೇ. 80ಕ್ಕಿಂತ ಹೆಚ್ಚು ಭಾಗ ಹಾಳಾಗಿದೆ. ನಿರೋಧಕ ತಳಿ ಎಂದರೆ ರೋಗವೇ ಬಾರದ ತಳಿ ಎಂಬ ತಿಳಿವಳಿಕೆ ಸಾಮಾನ್ಯ, ಅದು ಸರಿಯಲ್ಲ. ಇಲ್ಲಿ ಹೆಚ್ಚಾಗಿ ಆಗುವುದು ರೋಗದ ವೇಗ ತಗ್ಗುವುದು. ಬೀಜಾಣು ಬಿದ್ದ ಮೇಲೆ ಚುಕ್ಕೆ ಮೂಡಲು ಹೆಚ್ಚು ದಿನ ಬೇಕು, ಮೂಡಿದ ಚುಕ್ಕೆ ಚಿಕ್ಕದು, ಅದರಿಂದ ಹೊರಬೀಳುವ ಹೊಸ ಬೀಜಾಣುಗಳು ಕಡಿಮೆ. ಇವೆಲ್ಲ ಸೇರಿ ರೋಗ ಗದ್ದೆಯನ್ನು ಆವರಿಸುವ ಮೊದಲೇ ಬೆಳೆ ಬಲಿತು ಕೈಗೆ ಬಂದಿರುತ್ತದೆ.

ಈ ಎಲೆ ನೋಡುವ ಕೆಲಸವನ್ನು ಹಗುರ ಮಾಡಿದ್ದು ಡಿಎನ್‌ಎ ಮಾರ್ಕರ್‌ಗಳು, ಅಂದರೆ ಬೇಕಾದ ಜೀನ್ ಇದೆಯೆಂದು ತಿಳಿಸುವ ಗುರುತುಗಳು. ಜಿಪಿಬಿಡಿ-4 ಮತ್ತು ಟಿಎಜಿ-24ರ ಸಂಕರದ ಸಂತತಿಯನ್ನು ಅಭ್ಯಸಿಸಿದಾಗ, ತುಕ್ಕು ನಿರೋಧಕತೆಯ ಬಹುಪಾಲು ಎ03 ಎಂಬ ವರ್ಣತಂತುವಿನ ಒಂದು ಜಾಗದಿಂದ ಬರುತ್ತದೆಂದು ಕಂಡುಬಂತು. ತಡವಾದ ಎಲೆಚುಕ್ಕೆಗೂ ಆ ಜಾಗದ ಕೊಡುಗೆ ದೊಡ್ಡದು. ಕಾರ್ಡೆನಾಸಿಯಿಂದ ಬಂದ ತುಣುಕು ಕುಳಿತಿರುವುದು ಅಲ್ಲೇ. ಅದರ ಪಕ್ಕದ ಡಿಎನ್‌ಎ ಗುರುತನ್ನು ಎಳೆಯ ಸಸಿಯ ಒಂದು ಎಲೆಯ ಚೂರಿನಲ್ಲಿ ಪ್ರಯೋಗಾಲಯದಲ್ಲೇ ನೋಡಬಹುದಾದ್ದರಿಂದ, ಗಿಡ ಬೆಳೆದು ರೋಗ ಬರುವ ತನಕ ಕಾಯಬೇಕಿಲ್ಲ. ರೈತರ ಮೆಚ್ಚಿನ ಹಳೆಯ ತಳಿಯನ್ನು ನಿರೋಧಕತೆ ಕೊಡುವ ದಾನಿ ತಳಿಯೊಂದಿಗೆ ಸಂಕರಿಸಿ, ಗುರುತು ಇರುವ ಸಸಿಯನ್ನು ಮಾತ್ರ ಇಟ್ಟುಕೊಂಡು ಅದನ್ನು ಮತ್ತೆ ಹಳೆಯ ತಳಿಯೊಂದಿಗೇ ಸಂಕರಿಸುತ್ತ ಹೋದರೆ, ಒಂದು ಮರುಸಂಕರಣಕ್ಕೆ ಶೇ. 75, ಎರಡಕ್ಕೆ 87.5, ಮೂರಕ್ಕೆ ಸುಮಾರು 94ರಷ್ಟು ಹಳೆಯ ತಳಿಯೇ ಮರಳಿ ಬರುತ್ತದೆ, ರೋಗನಿರೋಧಕ ತುಣುಕು ಮಾತ್ರ ಹೊಸದಾಗಿ ಉಳಿಯುತ್ತದೆ. ಟಿಎಂವಿ-2 ಮತ್ತು ಜೆಎಲ್-24ರಂಥ ಹಳೆಯ ತಳಿಗಳಿಗೆ ನಿರೋಧಕತೆಯನ್ನು ಹೀಗೆ ಕಸಿ ಮಾಡುವ ಕೆಲಸ ಧಾರವಾಡದಲ್ಲೇ ನಡೆದಿದೆ. ಎಣ್ಣೆ ಬೇಗ ಕಮಟು ವಾಸನೆ ಹಿಡಿಯದಂತೆ ಒಲೀಕ್ ಆಮ್ಲವನ್ನು ಸುಮಾರು ಶೇ. 80ಕ್ಕೆ ಏರಿಸಿದ ಗಿರ್ನಾರ್-4 ಮತ್ತು ಗಿರ್ನಾರ್-5 ತಳಿಗಳಲ್ಲೂ ಮಾರ್ಕರ್‌ಗಳ ನೆರವಿದೆ. ಅವು ಜುನಾಗಢದ ನೆಲಗಡಲೆ ಸಂಶೋಧನಾ ಸಂಸ್ಥೆ ಮತ್ತು ಇಕ್ರಿಸ್ಯಾಟ್‌ನ ಜಂಟಿ ಕೆಲಸ. ಬುಡಕೊಳೆ, ಅಫ್ಲಾಟಾಕ್ಸಿನ್ ವಿಷಕ್ಕೆ ಕಾರಣವಾಗುವ ಬೂಸ್ಟು ಇವುಗಳ ಮಟ್ಟಿಗೆ ಮಾತ್ರ ಅಂಥ ಒಂದೇ ದೊಡ್ಡ ಜಾಗ ಕೈಗೆ ಸಿಕ್ಕಿಲ್ಲ, ಅಲ್ಲಿ ಪ್ರಗತಿ ನಿಧಾನ.

ಇಷ್ಟಾದ ಮೇಲೂ ತಳಿ ಕಾಗದದ ಮೇಲಿನಿಂದ ಗದ್ದೆಗೆ ಇಳಿಯುವುದು ಬೇರೆಯೇ ದಾರಿ. ವಿಜ್ಞಾನಿಗಳು ಕೊಡುವ ಮೂಲ ತಳಿವರ್ಧಕ ಬೀಜಕ್ಕೆ ಚಿನ್ನದ ಹಳದಿ ಚೀಟಿ, ಅದರಿಂದ ಬೆಳೆದ ಆಧಾರ ಬೀಜಕ್ಕೆ ಬಿಳಿ ಚೀಟಿ, ಅದರಿಂದ ಬೆಳೆದ ಪ್ರಮಾಣಿತ ಬೀಜಕ್ಕೆ ನೀಲಿ ಚೀಟಿ. ಭತ್ತದಲ್ಲಿ ಒಂದು ಕಿಲೋ ಬೀಜ ಒಂದು ಬೆಳೆಗೆ ಎಂಬತ್ತು ಕಿಲೋಗೂ ಹೆಚ್ಚಾಗುತ್ತದೆ. ಹಾಗಾಗಿಯೇ ಕೇರಳದಿಂದ ಬಂದ ಎಂಒ-4 ಭತ್ತ ನಮ್ಮ ಕರಾವಳಿಯಲ್ಲಿ ಕೈಯಿಂದ ಕೈಗೆ ಹರಡಲು ಸಾಧ್ಯವಾಯಿತು. ನೆಲಗಡಲೆಯಲ್ಲಿ ಒಂದು ಕಿಲೋ ಎಂಟೋ ಹತ್ತೋ ಕಿಲೋ ಆದರೆ ಹೆಚ್ಚು. ಲೆಕ್ಕಕ್ಕೆ ನೂರು ಕಿಲೋ ಹಳದಿ ಚೀಟಿಯ ಬೀಜವಿದೆ ಎನ್ನೋಣ. ಹತ್ತು ಪಟ್ಟಿನಂತೆ ಎರಡು ಬೆಳೆ ದಾಟಿದಾಗ ನೀಲಿ ಚೀಟಿಯ ಹತ್ತು ಸಾವಿರ ಕಿಲೋ ಸಿಗುತ್ತದೆ. ಎಕರೆಗೆ ಐವತ್ತು ಕಿಲೋ ಕಾಳು ಬೇಕಾಗುವುದರಿಂದ ಅದು ಮುಗಿಯುವುದು ಇನ್ನೂರು ಎಕರೆಗೆ. ಬೀಜ ಭಾರವಾದದ್ದು, ದುಬಾರಿಯಾದದ್ದು, ಎಣ್ಣೆಯಿರುವುದರಿಂದ ಬೇಗ ಮೊಳಕೆ ಶಕ್ತಿ ಕಳೆದುಕೊಳ್ಳುವಂಥದ್ದು. ಬಹುಪಾಲು ರೈತರು ತಮ್ಮದೇ ಬೀಜವನ್ನು ಮರುಬಳಸುವ ಬೆಳೆಯಾದ್ದರಿಂದ ಬೀಜ ಕಂಪನಿಗಳಿಗೂ ಇದರಲ್ಲಿ ಆಸಕ್ತಿ ಕಡಿಮೆ.

ಕರಾವಳಿಯ ಸ್ಥಿತಿ ಇದಕ್ಕಿಂತಲೂ ವಿಚಿತ್ರ. ಘಟ್ಟದ ಮೇಲಿನವರು ತಮ್ಮದೇ ಬೀಜವನ್ನು ಉಳಿಸಿಕೊಳ್ಳಬಹುದು. ನಾವು ಏಪ್ರಿಲ್‌ನಲ್ಲಿ ಕಿತ್ತ ಕಾಯಿಯನ್ನು ಡಿಸೆಂಬರ್‌ವರೆಗೆ, ನಡುವಿನ ಸಾವಿರಾರು ಮಿಲಿಮೀಟರ್ ಮಳೆಯನ್ನು ದಾಟಿಸಿ ಇಡಬೇಕು. ಕಾಯಿಯ ತೇವಾಂಶ ಶೇ. 8–9ರ ಆಸುಪಾಸಿನಲ್ಲಿದ್ದರೆ ಬೀಜ ಬಾಳುತ್ತದೆ, ಆದರೆ ಜುಲೈ ತಿಂಗಳ ನಮ್ಮ ಅಟ್ಟದಲ್ಲಿ ಉಪ್ಪು ಕೂಡ ನೀರಾಗುತ್ತದೆ. ಆದ್ದರಿಂದ ನಾವು ಬಿತ್ತುವ ಬೀಜ ಹೆಚ್ಚಾಗಿ ಚಳ್ಳಕೆರೆಯಂಥ ಕಡೆ ಜೂನ್–ಜುಲೈನಲ್ಲಿ ಬಿತ್ತಿ ಅಕ್ಟೋಬರ್ ಸುಮಾರಿಗೆ ಕಿತ್ತ ಹೊಸ ಬೆಳೆಯದು. ಹಾಗೆಂದರೆ ಉಡುಪಿಯ ಗದ್ದೆಯಲ್ಲಿ ಯಾವ ತಳಿ ಬೆಳೆಯಬೇಕೆಂಬುದನ್ನು ತಿಳಿದೋ ತಿಳಿಯದೆಯೋ ನಿರ್ಧರಿಸುತ್ತಿರುವವರು ಬಯಲುಸೀಮೆಯ ರೈತರು. ಅಲ್ಲಿ ಬರವನ್ನು ತಡೆದುಕೊಳ್ಳುವ, ಮಾರುಕಟ್ಟೆಗೆ ಪರಿಚಿತವಾದ ತಳಿ ನಿಂತಿರುವ ತನಕ ನಮ್ಮ ಚೀಲದಲ್ಲೂ ಅದೇ ಬರುತ್ತದೆ.

ನಮಗೆ ಬೇಕಾದ ಗುಣ ಅವರಿಗೆ ಅಷ್ಟಾಗಿ ಬೇಕಿಲ್ಲ. ಭತ್ತದ ಕೊಯ್ಲು ತಡವಾಗಿ ಜನವರಿ ಕೊನೆಗೆ ಬಿತ್ತಿದ ವರ್ಷ, ಬೆಳೆ ಬಲಿಯುವ ಹೊತ್ತಿಗೆ ಮೇ ತಿಂಗಳ ಗುಡುಗು ಮಳೆ ಬರುತ್ತದೆ. ಸ್ಪ್ಯಾನಿಷ್ ಮಾದರಿಯ ಕಾಳಿಗೆ ಸುಪ್ತಾವಸ್ಥೆ ಇಲ್ಲ. ಬಲಿತ ಕಾಯಿಗೆ ಎರಡು ಮಳೆ ಬಿದ್ದರೆ ಸಾಕು, ನೆಲದೊಳಗೇ ಮೊಳಕೆ ಒಡೆಯುತ್ತದೆ. ಅಂಥ ವರ್ಷ ನಮ್ಮ ಗದ್ದೆಯಲ್ಲಿ ಗಿಡ ಕಿತ್ತರೆ ಕಾಯಿಯ ಮೂತಿ ಸೀಳಿ ಬಿಳಿಯ ಬೇರು ಹೊರಬಂದಿದ್ದುದನ್ನು, ಹಾಗೆ ಮೊಳೆತ ಕಾಯಿಗಳನ್ನು ಚಿಕ್ಕಪ್ಪ ಒಂದೊಂದಾಗಿ ಆರಿಸಿ ದನದ ಬಾನಿಗೆ ಹಾಕಿದ್ದನ್ನು ನೋಡಿದ್ದೇನೆ. ಹರಡಿಕೊಂಡು ಬೆಳೆಯುವ ವರ್ಜೀನಿಯಾ ಮಾದರಿಯಲ್ಲಿ ಸುಪ್ತಾವಸ್ಥೆ ಇದೆ, ಆದರೆ ಅದಕ್ಕೆ ಬೇಕಾದಷ್ಟು ದಿನಗಳು ಭತ್ತಕ್ಕೂ ಮಳೆಗೂ ನಡುವೆ ನಮಗಿಲ್ಲ. ಬೇಕಾದದ್ದು ನೂರ ಹತ್ತು ದಿನದೊಳಗೆ ಬಲಿಯುವ ಬಂಚ್ ಗಿಡ, ಅದಕ್ಕೆ ಎರಡು ಮೂರು ವಾರಗಳ ಸುಪ್ತಾವಸ್ಥೆ. ಇದು ಅಸಾಧ್ಯವೇನಲ್ಲ. ಸ್ಪ್ಯಾನಿಷ್ ಮಾದರಿಯಲ್ಲೇ ಅಷ್ಟು ಸುಪ್ತಾವಸ್ಥೆ ಇರುವ ಐಸಿಜಿವಿ 86158ರಂಥ ಸಾಲುಗಳನ್ನು ಇಕ್ರಿಸ್ಯಾಟ್ ಬಹಳ ಹಿಂದೆಯೇ ರೂಪಿಸಿದೆ; ಆ ಗುಣ ಸುಲಭವಾಗಿ ಮುಂದಿನ ತಲೆಮಾರಿಗೆ ದಾಟುತ್ತದೆಂದೂ ಗೊತ್ತಾಗಿದೆ. ಜಿಪಿಬಿಡಿ-4ರ ನಿರೋಧಕತೆ ಮತ್ತು ಈ ಸಾಲುಗಳ ಸುಪ್ತಾವಸ್ಥೆಯನ್ನು ಒಂದೇ ಗಿಡಕ್ಕೆ ತಂದು, ಬ್ರಹ್ಮಾವರದಲ್ಲಿರುವ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರದಂಥಲ್ಲಿ ನಮ್ಮ ಮಣ್ಣಿನಲ್ಲೇ ಆರಿಸಿ, ಅದರ ಬೀಜವನ್ನು ಮುಂಗಾರಿನಲ್ಲಿ ಬಯಲುಸೀಮೆಯ ರೈತರಿಂದ ಕರಾರಿನ ಮೇಲೆ ಬೆಳೆಸಿ ಡಿಸೆಂಬರ್‌ಗೆ ಕೆಳಗಿಳಿಸುವುದು ನನ್ನ ದೃಷ್ಟಿಯಲ್ಲಿ ಕರಾವಳಿಗೆ ಒಪ್ಪುವ ದಾರಿ. ಕೊನೆಯ ಆ ಕರಾರಿನ ಕೆಲಸಕ್ಕೆ ತಳಿ ವಿಜ್ಞಾನಿ ಬೇಕಿಲ್ಲ, ಊರಿನ ಸಹಕಾರಿ ಸಂಘ ಮನಸ್ಸು ಮಾಡಿದರೆ ಸಾಕು.

ಅಲ್ಲಿಯವರೆಗೆ ಚಿಕ್ಕಪ್ಪ ತಮ್ಮ ಪದ್ಧತಿಯನ್ನು ಬಿಟ್ಟಿಲ್ಲ. ಡಿಸೆಂಬರ್‌ನಲ್ಲಿ ಬೀಜ ತರುವ ಮೊದಲು ಅಂಗಡಿಯಿಂದ ಒಂದು ಹಿಡಿ ಕಾಯಿ ಕೇಳಿ ತಂದು, ಸುಲಿದು, ನೂರು ಕಾಳು ಎಣಿಸಿ, ಒದ್ದೆ ಗೋಣಿಯ ತುಂಡಿನಲ್ಲಿ ಸುತ್ತಿ ಬಚ್ಚಲಿನ ಹಂಡೆಯ ಪಕ್ಕ ಇಡುತ್ತಾರೆ. ವಾರದೊಳಗೆ ಎಪ್ಪತ್ತಕ್ಕಿಂತ ಹೆಚ್ಚು ಮೊಳೆತರೆ ಚೀಲ ತರುತ್ತಾರೆ. ಅದು ಯಾವ ತಳಿ ಎಂದು ಅಂಗಡಿಯವರನ್ನು ಕೇಳುವುದು ದುಡ್ಡು ಕೊಟ್ಟ ಮೇಲೆ.